ನೆಲಕ್ಕೆ ಆರು ಎಣಿಕೆ, ಮುಗಿಲಿಗೆ ಎರಡು

ಒಂದಾನೊಂದು ಕರಿಮಣ್ಣಿನ ಎರೆಸೀಮೆಯಲ್ಲಿ ಒಬ್ಬ ಮನುಷ್ಯನಿದ್ದ. ಅವನ ಹತ್ತಿರ ಐದು ಮುಗಿಲುಗಳಿದ್ದವು. ಐದನ್ನೂ ಹಳೆಯ ಧೋತರದ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಆ ಸೀಮೆಯಲ್ಲಿ ಗುಡ್ಡಗಳು ಕಡಿಮೆ, ಗಿಡಗಳು ಇನ್ನೂ ಕಡಿಮೆ. ಲೋಕ ಕಟ್ಟುವಾಗ ಸಾಮಾನು ಸಾಲದೆ ದೇವರು ಉಳಿದ ಜಾಗಕ್ಕೆಲ್ಲ ಆಕಾಶವನ್ನೇ ಹಾಸಿಬಿಟ್ಟಿದ್ದ. ಇಷ್ಟೊಂದು ಆಕಾಶವಿದ್ದರೂ ಸಿರಿವಂತರು ಬಂದು, ನಮ್ಮ ಮಾಳಿಗೆಯ ಮೇಲೊಂದು ಮುಗಿಲು ಬೇಕು ಎಂದು ಅವನನ್ನು ಕೇಳುತ್ತಿದ್ದರು. ಅವನು ಪೆಟ್ಟಿಗೆ ತೆಗೆದು ಒಂದು ಮುಗಿಲು ಕೊಡುತ್ತಿದ್ದ. ಹೀಗಿರಲು ಒಬ್ಬ ಮುದುಕಿ ಬಂದಳು. ನಿನ್ನ ಐದೂ ನನಗೆ ಬೇಡ, ನನ್ನ ಹೊಲದ ಮುಗಿಲೇ ನನಗೆ ಬೇಕು ಎಂದಳು.

ಅಜ್ಜಿಯರು ಹೇಳುವ ಕಥೆಯಾಗಿದ್ದರೆ ಅವನು ಇಲ್ಲಿಂದ ಏಳು ಸಮುದ್ರ ದಾಟಬೇಕಿತ್ತು. ಈ ಮನುಷ್ಯ ದಾಟುವುದು ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುವ ಬಸ್ಸಿನ ದಾರಿಯನ್ನು, ಅಲ್ಲಿಂದ ಮುಂದೆ ಎತ್ತಿನ ಗಾಡಿಯ ದಾರಿಯನ್ನು. ಏಳು ಸಮುದ್ರಗಳ ಬದಲು ಅವರಿಗೆ ಸಿಕ್ಕಿದ್ದು ಏಳು ವರ್ಷ. ಅವರ ಹೆಸರು ಬಂದೇಸಾಬ. ವಯಸ್ಸು ಐವತ್ತೆಂಟು. ಕೆಲಸ, ಫೋಟೋ ತೆಗೆಯುವುದು.

ಸನ್ ೧೯೫೬, ಸೆಪ್ಟೆಂಬರ್ ಇಪ್ಪತ್ತೊಂದು. ಉತ್ತರಿ ಮಳೆಯ ದಿನಗಳು, ಅದರ ನಾಲ್ಕು ಪಾದಗಳಲ್ಲಿ ಮೂರನೆಯದು. ಇನ್ನೂ ಬೆಳಕು ಹರಿದಿಲ್ಲ. ವಳಕಮದಿನ್ನಿಯ ಆಚೆ, ಹರಗಿ ಹಸನು ಮಾಡಿದ ಹೊಲವೊಂದರ ಬದುವಿನ ಮೇಲೆ ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು ನಿಂತಿದೆ. ಅದರ ಮೇಲೆ ಸಣ್ಣ ಸಂದೂಕದಷ್ಟು ಕ್ಯಾಮೆರಾ, ಅದರ ಹಿಂದೆ ಕರಿ ಬಟ್ಟೆ. ಬಟ್ಟೆಯೊಳಗೆ ಬಂದೇಸಾಬರ ಅರ್ಧ ಮೈ. ಹೊರಗೆ ಕಾಣುವುದು ಮೊಣಕಾಲವರೆಗೆ ಮಡಚಿದ ಪಾಯಜಾಮ ಮತ್ತು ಕಪ್ಪು ಮಣ್ಣು ಮೆತ್ತಿದ ಎರಡು ಪಾದ.

ಬಟ್ಟೆಯೊಳಗಿಂದಲೇ ಮಾತು ಬರುತ್ತದೆ, ಇದನ್ನು ಬರೆದುಕೊಳ್ಳಲು ಬಂದ ನನ್ನ ಕಡೆಗೆ. "ಹೊತ್ತು ಮೂಡಿದ ಮ್ಯಾಲ ನೆಲ ಕಾಯತೈತ್ರಿ ತಂಗೆಮ್ಮ. ಕಾದ ನೆಲದ ಮ್ಯಾಲ ಬಿಸಿಲುಗುದುರಿ ಕುಣೀತಾವ. ಅವು ಕುಣಿದ್ರ ಅಲ್ಲಿ ದೂರದಾಗಿನ ಜಾಲಿಗಿಡಾನೂ ಕುಣೀತೈತಿ. ಈಗ ನೋಡ್ರಿ, ಒಂದು ಮುಳ್ಳೂ ಅಲುಗವಲ್ದು. ಗುರಿ ಈಗ ಬಿಗಿದು ಇಟ್ಟುಬಿಡಬೇಕು. ಮುಗಿಲು ಬರೂದು ಸಂಜಿಗೇ ಬರಲಿ."

ಅವರು ಹೊರಬಂದು ಬಟ್ಟೆ ಎತ್ತಿ ಹಿಡಿಯುತ್ತಾರೆ. ಒಳಗೆ ಬಗ್ಗಿದರೆ, ಮಂಜುಗಾಜಿನ ಮೇಲೆ ಲೋಕ ತಲೆಕೆಳಗಾಗಿ ನಿಂತಿದೆ. ಕೆಳಗೆ ಬೂದಿಬಣ್ಣದ ಆಕಾಶ, ಮೇಲೆ ಕರಿ ಹೊಲ, ಕುಂಟೆ ಎಳೆದ ಗೆರೆಗಳೆಲ್ಲ ಮಳೆಯ ಹಾಗೆ ಮೇಲಿನಿಂದ ಇಳಿಯುತ್ತಿವೆ. ಈ ಹೊಲದ ಯಜಮಾನಿ ಹೊನ್ನೂರಮ್ಮ ಮೊದಲ ಸಲ ಇದನ್ನು ನೋಡಿದಾಗ, "ಏ ತಮ್ಮಾ, ನನ್ನ ಹೊಲ ಸುರುವಿಬಿಟ್ಟೆಲ್ಲೋ!" ಎಂದು ಕೂಗಿದ್ದರಂತೆ.

ಸ್ಟ್ಯಾಂಡಿನ ಮೂರು ಕಾಲಿಗೂ ನೆಲದಲ್ಲಿ ಮೂರು ಕಲ್ಲು ಹುಗಿದಿದ್ದಾರೆ. ವರ್ಷ ವರ್ಷವೂ ಅದೇ ಜಾಗ, ಅದೇ ಎತ್ತರ. ಹೊಲದ ನಡುವೆ ಸುಣ್ಣ ಬಳಿದ ಇನ್ನೊಂದು ಕಲ್ಲಿದೆ, ಅದು ಇವರು ಹುಗಿದದ್ದಲ್ಲ. ತುಂಗಭದ್ರೆಯ ನೀರು ತರುವ ಮರಿಗಾಲುವೆ ಅಲ್ಲಿ ಹಾಯಲಿದೆ. ದಸರೆ ಮುಗಿದ ಮರುದಿನವೇ ಅಗೆಯುವವರು ಬರುತ್ತಾರೆ ಎಂದು ಚಾವಡಿಯಲ್ಲಿ ಡಂಗುರ ಹೊಡೆದಾಗಿದೆ. ಅಂದರೆ ಉಳಿದಿರುವುದು ಮೂರು ವಾರ. ಉತ್ತರಿ ಮಳೆಗಂತೂ ಆರೇ ದಿನ. ಅಷ್ಟರೊಳಗೆ ಈ ಹೊಲದ ಮೇಲೆ ಉತ್ತರಿ ಮುಗಿಲು ಎದ್ದು ನಿಲ್ಲಬೇಕು, ಬಂದೇಸಾಬರು ಅದನ್ನು ಗಾಜಿನ ಮೇಲೆ ಹಿಡಿಯಬೇಕು. ಮುಂದಿನ ವರ್ಷ ಮುಗಿಲು ಬಂದೀತು, ಹೊಲ ಇರುವುದಿಲ್ಲ.

ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊನ್ನೂರಮ್ಮ ಬದುವಿನ ಗುಂಟ ಬರುತ್ತಾರೆ. ಅರವತ್ತೈದು ದಾಟಿದ ಜೀವ, ನಡೆಯಲ್ಲಿ ಇನ್ನೂ ಗಡಸು. ಬಂದವರೇ ಕೇಳುವುದು ಇದು:

"ಏನ್ ತಮ್ಮಾ, ನಿನ್ನ ಮುಗಿಲು ಬಂತೋ, ಇಲ್ಲಾ ಮಸ್ಕ್ಯಾಗ ಬಸ್ಸು ತಪ್ಪಿಸಿಕೊಂಡೈತೋ?"

"ಬರತೈತೇಳಕ್ಕಾ."

"ಬರತೈತಿ ಬರತೈತಿ ಅನ್ಕೋತ ಏಳು ವರ್ಷಾತು. ಆವಾಗ ಲಂಗ ಹಾಕ್ಕೊಂಡಿದ್ದ ಹುಡುಗೀರು ಗಂಡನ ಮನಿಗೆ ಹೋದ್ರು. ನಿನ್ನ ಒಂದು ಫೋಟೋ ಮುಗೀವಲ್ದು. ತಿನ್ನು ಮೊದಲ, ರೊಟ್ಟಿ ಆರತೈತಿ."

ಬಂದೇಸಾಬರು ನಗುತ್ತಾ ಕೈ ಒರೆಸಿಕೊಂಡು ಕೂರುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ. ಎಂಟು ದಿನಗಳಿಂದ ಹೀಗೇ ನಡೆದಿದೆ. ಇಂದಿಗೆ ಒಂಬತ್ತನೆಯದು.

ಈ ಕೆಲಸಕ್ಕೆ ಅವರು ಬಂದದ್ದು ಹದಿನೇಳನೇ ವಯಸ್ಸಿನಲ್ಲಿ. ಮಸ್ಕಿ ಗುಡ್ಡದ ಕಲ್ಲುಗಳ ಫೋಟೋ ತೆಗೆಯಲು ಹೈದರಾಬಾದಿನಿಂದ ಒಬ್ಬ ಮುದಿ ಫೋಟೋಗ್ರಾಫರ ಬಂದಿದ್ದ. ಗಾಜಿನ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಲು ಆಳು ಬೇಕಾಗಿತ್ತು. "ಎಡವದವ ಬೇಕು ಅಂದ. ನಾ ಎಡವಲಿಲ್ಲ, ಅಷ್ಟ ನನ್ನ ವಿದ್ಯಾ," ಎನ್ನುತ್ತಾರೆ ಬಂದೇಸಾಬರು. ಹನ್ನೊಂದು ವರ್ಷ ಅವನ ಹಿಂದೆ ತಿರುಗಿದರು. ಕೈ ನಡುಗಲು ಶುರುವಾದಾಗ ಮುದುಕ ಕ್ಯಾಮೆರಾವನ್ನು ಇವರಿಗೇ ಬಿಟ್ಟು ಊರಿಗೆ ಹೋದ. ಲಿಂಗಸುಗೂರಿನ ಪೇಟೆಯ ಹಿಂದಿನ ಓಣಿಯಲ್ಲಿ ಇವರ ಅಂಗಡಿ. ಮುಂದೆ ಕುರ್ಚಿ, ಹಿಂದೆ ಬಳ್ಳಿ ಬರೆದ ಪರದೆ, ಒಳಗೆ ಕೆಂಪು ದೀಪದ ಕತ್ತಲೆ ಕೋಣೆ. ಮದುವೆಯ ತಿಂಗಳಲ್ಲಿ ವಾರಕ್ಕೆ ಮೂವತ್ತು ಮುಖ, ಆಷಾಢದಲ್ಲಿ ಮೂರು. ಹಟ್ಟಿಯ ಚಿನ್ನದ ಗಣಿಯ ಕೆಲಸಗಾರರು ಪಾಳಿ ಮುಗಿಸಿ ಬಂದು, ತೊಳೆದರೂ ಹೋಗದ ಕಲ್ಲುಪುಡಿಯ ಸಮೇತ ಕುರ್ಚಿಯಲ್ಲಿ ಕೂತು ಊರಿಗೆ ಕಳಿಸಲು ಫೋಟೋ ತೆಗೆಸಿಕೊಳ್ಳುತ್ತಾರೆ.

ಹೊಲ, ಗುಡ್ಡ, ಕೆರೆ, ಮಾಳಿಗೆ ಎಂದರೆ ಮಾತ್ರ ದೊಡ್ಡ ಕ್ಯಾಮೆರಾ ಹೊರಗೆ ಬರುತ್ತದೆ. ಸ್ಟ್ಯಾಂಡು, ಗಾಜು ಎಲ್ಲ ಸೇರಿ ಒಬ್ಬ ಹನ್ನೆರಡು ವರ್ಷದ ಹುಡುಗನ ಭಾರ. ಒಮ್ಮೆ ಹೊರಟರೆ ಚಿತ್ರ ಹಿಡಿಯುವ ಗಾಜು ಆರೇ. ಒಂದೊಂದೂ ಅಂಗೈಗಿಂತ ದೊಡ್ಡದು, ಒಡೆದರೆ ಹೋಯಿತು.

ಆ ಗಾಜುಗಳಿಗೆ ಒಂದು ದೋಷವಿದೆ. ನೀಲಿ ಆಕಾಶವನ್ನು ಅವು ಬಿಳಿಯಾಗಿ ನುಂಗಿಬಿಡುತ್ತವೆ. ಎರೆನೆಲವೋ ಬೆಳಕನ್ನು ಕುಡಿಯುವ ನೆಲ. ಅದು ಮೂಡಲೆಂದು ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಮೇಲಿನ ಮೋಡ ಸುಟ್ಟುಹೋಗುತ್ತದೆ, ಮೋಡ ಉಳಿಸಿದರೆ ನೆಲ ಮಸಿ. ಅದಕ್ಕೇ ಆ ಐದು ಮುಗಿಲುಗಳು. ಬಹಳ ಹಿಂದೆ ಒಂದು ಮುಂಗಾರಿನಲ್ಲಿ, ಮಸ್ಕಿ ಗುಡ್ಡದ ಮೇಲೆ ನಿಂತು ಒಂದೇ ವಾರದಲ್ಲಿ ಬರೀ ಆಕಾಶವನ್ನು ತೆಗೆದ ಐದು ಗಾಜು. ಯಾರದೇ ಮಾಳಿಗೆ, ಯಾರದೇ ಹೊಲವಿರಲಿ, ಮೇಲೆ ಬೋಳಾಗಿ ಬಂದರೆ ಅವುಗಳಲ್ಲೊಂದನ್ನು ಸೇರಿಸಿ ಕಾಗದಕ್ಕೆ ಇಳಿಸುವುದು.

ಇಳಿಸುವವರು ಬಂದೇಸಾಬರಲ್ಲ, ಅವರ ಹೆಂಡತಿ ಜೈನಾಬೀ. ಮಾಳಿಗೆಯ ಮೇಲೆ ಬಿಸಿಲಿಗೆ ಚೌಕಟ್ಟು ಇಟ್ಟು, ಮೊದಲು ನೆಲ ಮೂಡಿಸಿ, ಆಮೇಲೆ ಅದನ್ನು ಹತ್ತಿಯಿಂದ ಮುಚ್ಚಿ, ಮೇಲ್ಭಾಗಕ್ಕೆ ಮುಗಿಲಿನ ಗಾಜು ಹಚ್ಚುತ್ತಾರೆ. ಹತ್ತಿಯ ಅಂಚು ಒರಟಾದರೆ ಗೆರೆ ಬೀಳುತ್ತದೆ. ಅವರ ಕೈಯಲ್ಲಿ ಎಂದೂ ಬಿದ್ದಿಲ್ಲ. ಐದಕ್ಕೂ ಅವರೇ ಹೆಸರಿಟ್ಟಿದ್ದಾರೆ. "ಒಂದು ಹತ್ತಿಗಂಟು. ಒಂದು ಎಮ್ಮಿಹಿಂಡು. ಒಂದು ದರ್ಜಿ ಚಿಂದಿ, ಒಂದು ಮುದುಕನ ಗಡ್ಡ. ಐದನೇದ್ದು ನಮ್ಮತ್ತಿ. ಯಾವಾಗ ನೋಡಿದ್ರೂ ಮುಖ ಗಂಟು!" ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಲಿಂಗಸುಗೂರಿನ ಒಬ್ಬ ಸಾಹುಕಾರರ ಮಾಳಿಗೆಯ ಮೇಲೂ, ಅವರೊಂದಿಗೆ ಮಾತು ಬಿಟ್ಟ ದಾಯಾದಿಯ ಮಾಳಿಗೆಯ ಮೇಲೂ ಒಂದೇ ಎಮ್ಮಿಹಿಂಡು ಮೇಯುತ್ತಿದೆ. ಇಪ್ಪತ್ತೈದು ವರ್ಷ ಯಾರೂ ಅದನ್ನು ಗಮನಿಸಲಿಲ್ಲ.

ಹೊನ್ನೂರಮ್ಮ ಇವರ ಬಾಳಿಗೆ ಬಂದದ್ದು ೧೯೪೮ರ ಸೆಪ್ಟೆಂಬರಿನಲ್ಲಿ, ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೈನ್ಯ ಹೊಕ್ಕ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ. ಯಾರು ಯಾರಿಗೆ ಹೆದರಬೇಕು ಎಂಬುದು ದಿನಕ್ಕೊಮ್ಮೆ ಬದಲಾಗುತ್ತಿದ್ದ ಕಾಲ. ಗಂಡಹೆಂಡಿರು ಕ್ಯಾಮೆರಾ ಹೊತ್ತು, ಸಿಂಧನೂರಿನ ಆಚೆ ಇರುವ ನೆಂಟರ ಊರಿಗೆಂದು ಒಳದಾರಿ ಹಿಡಿದಿದ್ದರು. ವಳಕಮದಿನ್ನಿಯ ಹೊಲದಲ್ಲಿ ಒಬ್ಬ ಹೆಂಗಸು ಅಡ್ಡ ನಿಂತಳು.

ಬಂದೇಸಾಬರು ಇದನ್ನು ಹೇಳುವಾಗ ಕಣ್ಣು ಜಾಲಿಗಿಡದ ಕಡೆಗಿರುತ್ತದೆ. "'ಎಲ್ಲಿಗೆ ಹೊಂಟೀರಿ?' ಅಂದ್ಳು. ಹೇಳಿದ್ವಿ. 'ಆ ದಾರೀಲೆ ಹೋಗಬ್ಯಾಡ್ರಿ, ಮನೀಗೆ ಬರ್ರಿ' ಅಂದ್ಳು. ಹೆಸರು ಕೇಳಲಿಲ್ಲ, ಏನೂ ಕೇಳಲಿಲ್ಲ. ನಮ್ಮನ್ನ ಕಾಳಿನ ಕೋಣ್ಯಾಗ ಇಟ್ಟಳು. ಕ್ಯಾಮೆರಾನ ಅಂಗಳದಾಗಿನ ಹಗೇವದ ಕುಣ್ಯಾಗ ಇಳಿಸಿ, ಮ್ಯಾಲ ಹೊಟ್ಟು ಸುರುವಿ ಬಾಯಿ ಮುಚ್ಚಿದ್ಳು. ಅವತ್ತ ಸಂಜಿಗೆ ಮುಗಿಲು ಎದ್ದಿತು ನೋಡ್ರಿ... ಹನ್ನೊಂದು ದಿನ ಮಳಿ ಬಿಡಲಿಲ್ಲ."

ಎರೆನೆಲ ನೆನೆದರೆ ಏನಾಗುತ್ತದೆಂದು ಈ ಕಡೆಯವರಿಗೆ ಗೊತ್ತು. ಕಾಲಿಟ್ಟರೆ ಮೊಣಕಾಲಿನವರೆಗೆ ಹಿಡಿಯುತ್ತದೆ. ಗಾಡಿ ಬರುವುದಿಲ್ಲ, ಕುದುರೆ ಬರುವುದಿಲ್ಲ, ಸಿಟ್ಟಿನಿಂದ ಹೊರಟ ಮನುಷ್ಯನೂ ಬರುವುದಿಲ್ಲ. ಹನ್ನೊಂದು ದಿನ ವಳಕಮದಿನ್ನಿಗೆ ಯಾರೂ ಬರಲಾಗಲಿಲ್ಲ. ಹನ್ನೆರಡನೇ ದಿನ ಬಿಸಿಲು ಬಿದ್ದಾಗ ಸುತ್ತಲಿನ ಗದ್ದಲ ತಣ್ಣಗಾಗಿತ್ತು.

ಮರುವರ್ಷ ಬಂದೇಸಾಬರು ಒಂದು ಸೀರೆ ಹಿಡಿದುಕೊಂಡು ಹೋಗಿ, ನಿಮಗೆ ಏನು ಮಾಡಲಿ ಎಂದು ಕೇಳಿದರು. ಸೀರೆಯನ್ನು ಸೊಸೆ ಅಮರಮ್ಮನ ಕೈಗೆ ಕೊಟ್ಟು ಹೊನ್ನೂರಮ್ಮ ಹೇಳಿದ್ದನ್ನು ಅವರ ಬಾಯಿಂದಲೇ ಕೇಳಬೇಕು.

"ಫೋಟೋ ತೆಗಿ ಅಂದೆ. ನಂದಲ್ಲ, ನನ್ನ ಮುಖ ನೋಡಿ ಯಾರಿಗೇನಾಗಬೇಕೈತಿ? ಹೊಲದ್ದು ತೆಗಿ. ಉತ್ತರಿ ಮಳಿ ಬರೂ ಮುಂದ ಹೆಂಗ ಇರತೈತಿ ಹಂಗ. ನೆಲ ಹರಗಿ, ಬೀಜ ಕಟ್ಟಿಟ್ಟು, ನಾವೆಲ್ಲಾ ಮ್ಯಾಲ ನೋಡಿಕೋತ ನಿಂತಿರತೀವಿ ನೋಡು, ಆ ಹೊತ್ತು. ಡ್ಯಾಮ್ ಕಟ್ಟಾಕತ್ತಾರಂತ, ಕಾಲುವಿ ಬರತೈತಂತ. ಬರಲಿ, ಒಳ್ಳೇದ, ಮೊಮ್ಮಕ್ಕಳು ಅನ್ನ ಉಣ್ಣಲಿ. ಆದ್ರ ಕಾಲುವಿ ಬಂದ ಮ್ಯಾಲ ಮುಗಿಲು ಯಾರು ನೋಡತಾರ? ಎಲ್ಲಾರೂ ತೂಬು ನೋಡತಾರ."

ಬಂದೇಸಾಬರು ಮಾತು ಕೊಟ್ಟರು. ಒಂದು ವಾರದ ಕೆಲಸ ಎಂದುಕೊಂಡಿದ್ದರು.

೧೯೫೦ರಲ್ಲಿ ತೆಗೆದ ಫೋಟೋದಲ್ಲಿ ಹೊಲ ಚೆನ್ನಾಗಿ ಬಂತು, ಆಕಾಶ ಒಗೆದ ಧೋತರದಂತೆ ಬೆಳ್ಳಗೆ. "ಮುಗಿಲೆಲ್ಲಿ?" ಎಂದರು ಹೊನ್ನೂರಮ್ಮ. ಮರುವರ್ಷ ಬಂದೇಸಾಬರು ಇಪ್ಪತ್ತೈದು ವರ್ಷದ ರೂಢಿಯನ್ನೇ ಮಾಡಿದರು. ಪೆಟ್ಟಿಗೆ ತೆಗೆದು, ಇದ್ದುದರಲ್ಲಿ ಚೆಂದದ್ದನ್ನು, ಎಮ್ಮಿಹಿಂಡನ್ನು ಆರಿಸಿದರು. ಜೈನಾಬೀ ಎರಡು ದಿನ ಕೂತು ಗೆರೆ ಕಾಣದಂತೆ ಹಚ್ಚಿದರು. ಕಟ್ಟು ಹಾಕಿಸಿ ವಳಕಮದಿನ್ನಿಗೆ ಒಯ್ದರು.

ಹೊನ್ನೂರಮ್ಮ ಅಂಗಳದ ಬಿಸಿಲಿಗೆ ಹಿಡಿದು ನೋಡಿದರು. ಹತ್ತಿರ ಹಿಡಿದರು, ದೂರ ಹಿಡಿದರು.

"ಇದು ಮಿರಗದ ಮುಗಿಲು," ಅಂದರು.

"ಅಂದ್ರ?"

"ಮುಂಗಾರಿನ ಮಿರಗದ ಮಳೀಯ ಮುಗಿಲು. ಪಡುವಲ ಕಡೇಲಿಂದ ಬಂದು ಓಡಿಹೋಗತೈತಿ, ನಿಂದರಂಗಿಲ್ಲ. ಉತ್ತರಿ ಮುಗಿಲು ಮೂಡಲ ದಿಕ್ಕಿಗೆ ಏಳತೈತಿ, ಗ್ವಾಡಿ ಕಟ್ಟಿದಂಗ ನಿಂದರತೈತಿ. ಮಿರಗದಾಗ ನನ್ನ ಹೊಲದಾಗ ಹೋದ ವರ್ಷದ ಕೂಳಿ ಇರತಾವ. ಇಲ್ಲಿ ನೋಡಿದ್ರ ಹರಗೈತಿ. ಮತ್ತ ಇಲ್ಲಿ ನೋಡು, ಗಿಡದ ನೆರಳು ಅತ್ತಾಗ ಬಿದ್ದೈತಿ. ಮುಗಿಲಿಗೆ ಬಿಸಿಲು ಬಿದ್ದದ್ದು ಯಾ ಕಡೇಲಿಂದ? ಎರಡು ಹೊತ್ತು ಮೂಡ್ಯಾವೇನೋ ನನ್ನ ಹೊಲಕ್ಕ?"

ಹೊನ್ನೂರಮ್ಮ ಫೋಟೋವನ್ನು ಮೆಲ್ಲಗೆ ಅವರ ಕೈಗೆ ಮರಳಿ ಕೊಟ್ಟರು. "ಹನ್ನೊಂದು ದಿನ ನಿನ್ನ ಕಾಯ್ದ ಮುಗಿಲು ತಮ್ಮಾ. ಅದರ ಗುರುತೂ ಸಿಗಲಿಲ್ಲೇನು ನಿನಗ?"

ಆ ಮಾತು ಹೇಳಿದ ಮೇಲೆ ಅವರೇ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರಂತೆ. "ಬೈದಿದ್ರ ಬೇಷಿತ್ತು," ಎನ್ನುತ್ತಾರೆ ಬಂದೇಸಾಬರು. "ಇಪ್ಪತ್ತೈದು ವರ್ಷ ಮುಗಿಲು ಮಾರೀನಿ ನಾನು. ತಲಿ ಎತ್ತಿ ಒಂದು ಮುಗಿಲೂ ನೋಡಿಲ್ಲ."

ಅಂದಿನಿಂದ ತಗಡಿನ ಪೆಟ್ಟಿಗೆ ಅಟ್ಟ ಸೇರಿತು. ಮಾಳಿಗೆಯ ಫೋಟೋ ತೆಗೆಸಲು ಬಂದವರಿಗೆ, ಮುಗಿಲು ಇದ್ದ ದಿನ ಬರುತ್ತೇನೆ, ಇಲ್ಲದ್ದನ್ನು ಹಚ್ಚುವುದಿಲ್ಲ ಎಂದರು. ಗಿರಾಕಿಗಳು ನಕ್ಕರು, ಆಮೇಲೆ ರೇಗಿದರು, ಆಮೇಲೆ ಬೇರೆ ಊರಿನ ಅಂಗಡಿಗೆ ಹೋದರು. "ಬೋಳು ಫೋಟೋದ ಸಾಬ" ಎಂದು ಪೇಟೆಯಲ್ಲಿ ಹೆಸರಾಯಿತು. ಮನೆ ನಡೆಯುವುದು ಈಗ ಕುರ್ಚಿಯ ಫೋಟೋಗಳಿಂದ, ಮತ್ತು ಜೈನಾಬೀ ಹೊಲಿಯುವ ಕುಪ್ಪಸಗಳಿಂದ.

ವರ್ಷವಿಡೀ ಹೀಗೆ. ಉತ್ತರಿ ಹತ್ತಿತೆಂದರೆ ಅಂಗಡಿಗೆ ಬೀಗ. ಹೈದರಾಬಾದಿಗೆ ಬರೆದು ಒಂದು ಹಳದಿ ಗಾಜು ತರಿಸಿದರು. ಕ್ಯಾಮೆರಾದ ಕಣ್ಣಿನ ಮುಂದೆ ಅದನ್ನಿಟ್ಟರೆ ನೀಲಿ ತುಸು ಕಪ್ಪಾಗಿ, ಬಿಳಿ ಮೋಡ ಎದ್ದು ಕಾಣುತ್ತದೆ. ನೆಲದ ಕಪ್ಪಿಗೊಂದು ಉಪಾಯವನ್ನು ತಾವೇ ಕಂಡುಹಿಡಿದರು. ಬೆಳಕು ಬಿಡುವಾಗ ನಡುವೆ ತಮ್ಮ ತಲೆಯ ಕರಿ ಟೋಪಿಯನ್ನೇ ತೆಗೆದು ಕಣ್ಣಿನ ಮೇಲರ್ಧಕ್ಕೆ ಅಡ್ಡ ಹಿಡಿಯುವುದು, ಅಂಚು ಬೀಳದಂತೆ ಸಣ್ಣಗೆ ಅಲುಗಿಸುತ್ತಾ. "ನೆಲಕ್ಕ ಆರು ಎಣಿಕಿ, ಮುಗಿಲಿಗೆ ಎರಡು. ಮಸ್ಕಿ ಗುಡ್ಡದಾಗ ಈ ಆಟ ನಡ್ಯಂಗಿಲ್ರಿ, ಗುಡ್ಡದ ತಲಿ ಟೋಪ್ಯಾಗ ಸಿಗತೈತಿ. ಇಲ್ಲಿ ನೆಲ ಹಾಸಿದಂಗ ಐತಿ. ನನ್ನ ಟೋಪಿ ಸಾಕು."

ಉಪಾಯವಿತ್ತು, ಮುಗಿಲಿರಲಿಲ್ಲ. ಒಂದು ವರ್ಷ ಉತ್ತರಿ ಹನಿಯಿಲ್ಲದೆ ಕಳೆಯಿತು. ಇನ್ನೊಂದು ವರ್ಷ ಮುಗಿಲು ಬಂತು, ಗಾಳಿಯೂ ಬಂತು, ಗಾಜಿನ ಮೇಲೆ ಜಾಲಿಗಿಡ ಹೊಗೆಯಾಯಿತು. ೧೯೫೪ರಲ್ಲಿ ಹಟ್ಟಿಯ ಒಂದು ಮದುವೆಗೆಂದು ಒಂದೇ ದಿನ ಹೋಗಿದ್ದರು. ಆ ಒಂದೇ ದಿನ ಮುಗಿಲು ಎದ್ದು, ಮಳೆ ಸುರಿದು ಹೋಯಿತು. ಹೋದ ವರ್ಷ ಎಲ್ಲವೂ ಸರಿಬಂದಿತ್ತು. ಗಾಜು ಲಿಂಗಸುಗೂರಿಗೆ ಬಂತು, ಕೆಂಪು ದೀಪದಲ್ಲಿ ಮುಗಿಲು ಮೂಡುವುದನ್ನು ಗಂಡಹೆಂಡಿರು ಕಣ್ಣಾರೆ ಕಂಡರು. ಸೆಕೆಗೆ ಬಿಸಿಯಾಗಿದ್ದ ನೀರಿನಲ್ಲಿ ತೊಳೆಯುವಾಗ ಚಿತ್ರವೆಲ್ಲ ಹಾಲಿನ ಕೆನೆಯಂತೆ ಗಾಜಿನಿಂದ ಜಾರಿ, ಜೈನಾಬೀ ಬೆರಳುಗಳ ನಡುವೆ ಕರಗಿಹೋಯಿತು.

"ಆವತ್ತ ಇವ್ರು ಅತ್ರು," ಎನ್ನುತ್ತಾರೆ ಜೈನಾಬೀ.

"ನೀ ಅತ್ತಿ," ಎನ್ನುತ್ತಾರೆ ಬಂದೇಸಾಬರು.

ಈ ವರ್ಷ ಹೊನ್ನೂರಮ್ಮ ಹೊಲ ಬಿತ್ತುವಂತಿಲ್ಲ. ಬೆಳೆ ಬರುವ ಮೊದಲೇ ಕಾಲುವೆ ಬರುತ್ತದೆ. ಆದರೂ ಜೋಡೆತ್ತು ಹೂಡಿಸಿ ಹರಗಿಸಿದ್ದಾರೆ. "ಬಿತ್ತೂದಿಲ್ಲ ಅಂತ ಕಸ ಬೆಳಸಿ ಫೋಟೋಕ್ಕ ನಿಂದರಸ್ಲ್ಯಾ? ಮಂದಿ ಮುಂದ ಹೋಗೂ ಮುಂದ ತಲಿ ಬಾಚಂಗಿಲ್ಲೇನು?" ಸುಣ್ಣದ ಕಲ್ಲು ಚೌಕಟ್ಟಿನ ನಡುವೆಯೇ ಬರುತ್ತದೆಂದು ಬಂದೇಸಾಬರು ಸ್ಟ್ಯಾಂಡನ್ನು ಎರಡು ಹೆಜ್ಜೆ ಸರಿಸಲು ನೋಡಿದಾಗ ಅವರು ಬಿಡಲಿಲ್ಲ. "ಐತಿ ಅಂದ ಮ್ಯಾಲ ಇರಲಿ. ಏನೂ ಹಚ್ಚಬ್ಯಾಡ, ಏನೂ ಅಳಿಸಬ್ಯಾಡ."

ಮಧ್ಯಾಹ್ನದವರೆಗೆ ಆಕಾಶ ಖಾಲಿ. ಬಂದೇಸಾಬರು ಕ್ಯಾಮೆರಾದ ನೆರಳಿನಲ್ಲೇ ಕೂತು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಾರೆ. ಇಷ್ಟು ದೊಡ್ಡ ಆಕಾಶದ ಕೆಳಗೆ ಕೂತು ಅದರಿಂದ ಏನನ್ನಾದರೂ ಬೇಡುವವರಿಗೆ ಒಂದು ಬಗೆಯ ಮುಖ ಬರುತ್ತದೆ, ಬಾಗಿಲ ಕಡೆ ಕಿವಿಯಿಟ್ಟು ಕೂತವರಿಗೆ ಬರುವಂಥದು. ಅವರ ಮುಖ ಈಗ ಹಾಗಿದೆ.

ಮೂರು ಗಂಟೆಯ ಸುಮಾರಿಗೆ ಜಾಲಿಗಿಡದ ಹಿಂದೆ, ನೆಲಕ್ಕಂಟಿ ಒಂದು ಬಿಳಿ ಗುಳ್ಳೆ. ನಾಲ್ಕಕ್ಕೆ ಅದು ಉಕ್ಕುವ ಹಾಲು. ಐದರ ಹೊತ್ತಿಗೆ ಮೂಡಲ ದಿಕ್ಕೆಲ್ಲ ಅದೇ ಆಗಿದೆ. ತಲೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದೆ, ಹೊಟ್ಟೆ ರೊಟ್ಟಿಯ ಹಂಚಿನ ತಳದಂತೆ ಕಪ್ಪು. ಗಾಳಿ ಎದ್ದು ಕರಿ ಬಟ್ಟೆ ಬಡಿದುಕೊಳ್ಳುತ್ತದೆ. ಬಂದೇಸಾಬರು ಎರೆಮಣ್ಣು ತುಂಬಿದ ಚೀಲವೊಂದನ್ನು ಸ್ಟ್ಯಾಂಡಿನ ನಡುವೆ ತೂಗುಬಿಡುತ್ತಾರೆ. ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊನ್ನೂರಮ್ಮ ಬದು ಹಾರಿ ಬರುತ್ತಾರೆ.

"ತೆಗೀಲ್ಯಾ ಅಕ್ಕಾ?"

"ತಡಿ. ಇನ್ನಾ ಏಳಾಕತ್ತೈತಿ, ನಿಂತಿಲ್ಲ."

"ಗಾಳಿ ಬಿಡವಲ್ದು. ಮತ್ತ ಹೊಗಿ ಆಕ್ಕೈತಿ."

"ಬಿಡತೈತಿ. ಮಳಿಗಿಂತ ಮುಂಚೆ ಒಂದ್ಸಲ ಉಸಿರು ಹಿಡೀತೈತಿ ಅದು. ನಾ ಹೇಳತೀನಿ ಸುಮ್ನಿರು."

ಬಂದೇಸಾಬರು ಗಾಜಿನ ಡಬ್ಬಿ ಸೇರಿಸಿ, ಗಾಜು ಮುಚ್ಚಿದ ಅಡ್ಡಪಟ್ಟಿ ಎಳೆದು, ಕಣ್ಣಿನ ಮುಚ್ಚಳದ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. ಅವರು ಮುಗಿಲನ್ನು ನೋಡುತ್ತಿಲ್ಲ, ಹೊನ್ನೂರಮ್ಮನ ಮುಖ ನೋಡುತ್ತಿದ್ದಾರೆ. ಹೊನ್ನೂರಮ್ಮ ಮುಗಿಲು ನೋಡುತ್ತಿದ್ದಾರೆ. ದೂಳು ಹಾರಿ ಹೋಗುತ್ತದೆ. ಜಾಲಿಗಿಡ ಬಾಗಿ, ಏಳುತ್ತದೆ. ಮತ್ತೆ ಬಾಗಿ, ಏಳುತ್ತದೆ. ಆಮೇಲೆ ಬಾಗುವುದಿಲ್ಲ.

"ಈಗ," ಎನ್ನುತ್ತಾರೆ ಹೊನ್ನೂರಮ್ಮ, ಬಹಳ ಮೆಲ್ಲಗೆ.

ಮುಚ್ಚಳ ತೆರೆಯುತ್ತದೆ. "ಒಂದು. ಎರಡು." ಟೋಪಿ ತಲೆಯಿಂದ ಇಳಿದು ಕ್ಯಾಮೆರಾದ ಕಣ್ಣಿನ ಮೇಲರ್ಧಕ್ಕೆ ಬರುತ್ತದೆ, ಹಕ್ಕಿಯ ರೆಕ್ಕೆಯಂತೆ ಸಣ್ಣಗೆ ಅಲುಗುತ್ತದೆ. "ಮೂರು. ನಾಲ್ಕು. ಐದು. ಆರು." ಮುಚ್ಚಳ.

ಇನ್ನೊಂದು ಗಾಜು ಹಾಕಲು ಕೈ ಹೋಗುವಷ್ಟರಲ್ಲಿ ಮೊದಲ ಹನಿ ಬೀಳುತ್ತದೆ. ಆಮೇಲೆ ಎಣಿಸುವಂತಿಲ್ಲ. ಕ್ಯಾಮೆರಾವನ್ನು ಕರಿ ಬಟ್ಟೆಯಲ್ಲಿ ಸುತ್ತಿ, ಗಾಜಿನ ಡಬ್ಬಿಯನ್ನು ಅಂಗಿಯೊಳಗೆ ಎದೆಗವಚಿಕೊಂಡು ಓಡುತ್ತಾರೆ. ಸಿಕ್ಕಿದ್ದು ಒಂದೇ ಗಾಜು.

ಎರಡು ದಿನ ವಳಕಮದಿನ್ನಿಯಿಂದ ಯಾವ ಗಾಡಿಯೂ ಹೊರಡಲಿಲ್ಲ, ಎರೆ ಆರಬೇಕಿತ್ತು. ಮೂರನೇ ದಿನ ಬಂದೇಸಾಬರು ಲಿಂಗಸುಗೂರು ಮುಟ್ಟಿದಾಗ ಜೈನಾಬೀ ಸಿಹಿನೀರ ಬಾವಿಯ ನೀರನ್ನು ಹೊಸ ಮಡಕೆಗಳಲ್ಲಿ ತುಂಬಿ, ಒದ್ದೆ ಗೋಣಿತಾಟು ಸುತ್ತಿ ಕಾಯುತ್ತಿದ್ದರು. ವಾರದಿಂದ ದಿನಾ ಹಳೇ ನೀರು ಚೆಲ್ಲಿ ಹೊಸದು ತುಂಬಿದ್ದಾರೆ. ಕತ್ತಲೆ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಕೇಳುವುದು ನೀರಿನ ಸದ್ದೊಂದೇ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಜೈನಾಬೀ ದನಿ ಬಂತು: "ಹಿಡಿದೈತ್ರಿ. ಗಟ್ಟಿ ಹಿಡಿದೈತಿ."

ಮರುದಿನ ಅವರು ಮಾಳಿಗೆಯ ಮೇಲೆ ಚೌಕಟ್ಟನ್ನು ಬಿಸಿಲಿಗಿಟ್ಟು, ಕೈ ಕಟ್ಟಿ ಕೂತಿದ್ದಾರೆ. ಹತ್ತಿ ಇಲ್ಲ, ಎರಡನೇ ಗಾಜಿಲ್ಲ. "ಇಷ್ಟು ವರ್ಷದಾಗ ಮೊದಲ್ನೇ ಸಲ ನನಗ ಕೆಲಸನ ಇಲ್ಲ ನೋಡ್ರಿ," ಎನ್ನುತ್ತಾರೆ. "ಬಿಸಿಲು ಮಾಡಾಕತ್ತೈತಿ, ನಾ ಕುಂತೀನಿ." ಕಾಗದದ ಮೇಲೆ ಮೊದಲು ಕುಂಟೆಯ ಗೆರೆಗಳು ಬರುತ್ತವೆ, ಆಮೇಲೆ ಜಾಲಿಗಿಡ, ಹೊಲದ ನಡುವೆ ಬೆಳ್ಳಗೆ ಆ ಕಲ್ಲು. ಕೊನೆಗೆ, ಕಾಗದದ ಮುಕ್ಕಾಲು ಭಾಗ ತುಂಬಿಕೊಂಡು, ಅದು.

ಅಕ್ಟೋಬರ್ ಎರಡನೇ ವಾರ, ದಸರೆಗೆ ಇನ್ನೂ ನಾಲ್ಕು ದಿನ. ಹೊನ್ನೂರಮ್ಮನ ಅಂಗಳದಲ್ಲಿ ಗಂಡಹೆಂಡಿರು ಇಬ್ಬರೂ ಕೂತಿದ್ದಾರೆ. ಬಂದೇಸಾಬರು ಬಟ್ಟೆ ಬಿಚ್ಚಿ ಫೋಟೋ ಕೊಡುತ್ತಾರೆ. "ಏನೂ ಹಚ್ಚಿಲ್ಲ ಅಕ್ಕಾ," ಎನ್ನುತ್ತಾರೆ.

ಹೊನ್ನೂರಮ್ಮ ಎದ್ದು ಬಿಸಿಲಿಗೆ ಹೋಗುತ್ತಾರೆ. ಹತ್ತಿರ ಹಿಡಿಯುತ್ತಾರೆ. ದೂರ ಹಿಡಿಯುತ್ತಾರೆ. ಹೆಬ್ಬೆರಳನ್ನು ಗಿಡದ ನೆರಳಿನ ಮೇಲಿಟ್ಟು, ಅಲ್ಲಿಂದ ಮುಗಿಲಿನ ಬೆಳ್ಳಗಿನ ಅಂಚಿನವರೆಗೆ ನಿಧಾನವಾಗಿ ಒಯ್ಯುತ್ತಾರೆ. ಬಂದೇಸಾಬರು ತಲೆ ತಗ್ಗಿಸಿ ನೆಲ ನೋಡುತ್ತಿದ್ದಾರೆ. ಜೈನಾಬೀ ಅವರ ಬೆನ್ನಿಗೆ ಕೈಯಿಟ್ಟಿದ್ದಾರೆ.

"ಉತ್ತರಿ," ಎನ್ನುತ್ತಾರೆ ಹೊನ್ನೂರಮ್ಮ. ಹೆಬ್ಬೆರಳನ್ನು ಮುಗಿಲಿನ ಕಪ್ಪು ಹೊಟ್ಟೆಗೆ ಇಳಿಸಿ, "ಮೂರನೇ ಪಾದ."

ಆಮೇಲೆ ಅವರು ಹಿತ್ತಿಲ ಕಡೆ ತಿರುಗಿ ಗಂಟಲೆತ್ತಿ ಕೂಗುತ್ತಾರೆ: "ಏ ಅಮರಮ್ಮಾ! ಎಲ್ಲಿ ಸತ್ತೀಯೇ? ಒಣಗಾಕಿಟ್ಟ ಕುಳ್ಳು ಒಳಗ ಹಾಕು ಲಗೂನ, ಮಳಿ ಬಂತು!"

ಸೊಸೆ ಸಗಣಿ ಕೈಯಲ್ಲೇ ಓಡಿ ಬರುತ್ತಾಳೆ. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಆಕಾಶ ಈ ತುದಿಯಿಂದ ಆ ತುದಿಗೆ ನೀಲಿ. ಅವಳು ಮೇಲೆ ನೋಡಿ, ಅತ್ತೆಯನ್ನು ನೋಡುತ್ತಾಳೆ.

"ಎಲ್ಲೈತ್ರೀ ಅತ್ತಿ?"

ಹೊನ್ನೂರಮ್ಮ ಫೋಟೋವನ್ನು ಅವಳ ಕಡೆಗೆ ತಿರುಗಿಸುತ್ತಾರೆ.